ಲೋರ್ನಾಳ ಕುರ್ಚಿ

ಆ ಭಾನುವಾರ ಲೋರ್ನಾಳ ಕುರ್ಚಿ ಖಾಲಿ ಇತ್ತು. ಖಾಲಿ ಇದೆ ಎಂಬುದನ್ನು ಕಾಣದವರಂತೆ ಎಲ್ಲರೂ ನುಡಿಸುತ್ತಿದ್ದರು.

ಲಿನ್‌ವುಡ್ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಆ ಪಬ್ಬಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಐರಿಶ್ ಸಂಗೀತದ ಸೆಷನ್ ಸೇರುತ್ತಿತ್ತು. ವೇದಿಕೆಯಿಲ್ಲ, ಮೈಕಿಲ್ಲ, ಮುಂದೆ ಹಾಳೆಯಿಲ್ಲ. ಹತ್ತು ಹನ್ನೆರಡು ಮಂದಿ ಮೇಜಿನ ಸುತ್ತ ಕೂರುತ್ತಿದ್ದರು. ಒಬ್ಬರು ಟ್ಯೂನ್ ಎತ್ತಿಕೊಂಡರೆ ಬಲ್ಲವರು ಸೇರಿಕೊಳ್ಳುತ್ತಿದ್ದರು, ಬಾರದವರು ಗ್ಲಾಸು ಹಿಡಿದು ಸುಮ್ಮನಿರುತ್ತಿದ್ದರು. ಇಸ್ಹಾಕ್ ಅಲ್ಲಿಗೆ ಹೋಗತೊಡಗಿ ಎರಡು ವರ್ಷವಾಗಿತ್ತು. ಮೈಸೂರಿನಲ್ಲಿ ಸತ್ಯನಾರಾಯಣ ಮೇಷ್ಟ್ರ ಬಳಿ ಒಂಬತ್ತು ವರ್ಷ ಪಿಟೀಲು ಕಲಿತಿದ್ದ ಅವನು ಅಮೆರಿಕಕ್ಕೆ ಬಂದ ಮೇಲೆ ಅದರ ಪೆಟ್ಟಿಗೆಯನ್ನೇ ತೆರೆದಿರಲಿಲ್ಲ. ಒಂದು ದಿನ ಕಾರು ಹತ್ತಲು ಹೋಗುವಾಗ ಪಬ್ಬಿನ ಬಾಗಿಲಿನಿಂದ ಬಂದ ಪಿಟೀಲಿನ ಸದ್ದು ಅವನನ್ನು ಅಲ್ಲೇ ನಿಲ್ಲಿಸಿತ್ತು. ಮೊದಲ ಆರು ತಿಂಗಳು ಹಿಂದಿನ ಬೆಂಚಿನಲ್ಲಿ ಸೋಡಾ ಕುಡಿಯುತ್ತ ಬರೀ ಕೇಳಿದ. ಆಮೇಲೆ ಮೆಲ್ಲಗೆ ನುಡಿಸಿದ.

ಅದೇ ಗುಂಪಿಗೆ ಇಂಟರ್‌ನೆಟ್ಟಿನಲ್ಲಿ ಒಂದು ಫೋರಮ್ ಕೂಡ ಇತ್ತು. ಊರೂರಿನವರು ಅಲ್ಲಿ ಟ್ಯೂನುಗಳ ಹೆಸರು, ಮೂಲ, ಪಾಠಾಂತರಗಳ ಬಗ್ಗೆ ಚರ್ಚೆ ಮಾಡುತ್ತಿದ್ದರು. ಪಬ್ಬಿನ ಮೇಜು, ಫೋರಮ್ ಎರಡನ್ನೂ ನಡೆಸುತ್ತಿದ್ದವನು ಗ್ಲೆನ್ ಎಂಬ ಬಿಳಿಗಡ್ಡದ ಮುದುಕ. ಕನ್ಸರ್ಟಿನಾ ಎಂಬ ಪುಟ್ಟ ತಿದಿವಾದ್ಯ ನುಡಿಸುತ್ತಿದ್ದ. ಮೆದು ಮಾತಿನವನು. ಯಾರು ಏನೇ ಹೇಳಿದರೂ ತಲೆ ವಾಲಿಸಿ ಗಮನವಿಟ್ಟು ಕೇಳುತ್ತಿದ್ದ.

"ಪಬ್ಬೂ ಫೋರಮ್ಮೂ ಎರಡೂ ಒಂದೇ," ಎಂದು ಇಸ್ಹಾಕ್ ಒಮ್ಮೆ ಹೆಂಡತಿ ಅತಿಯಾಳಿಗೆ ವಿವರಿಸಿದ್ದ. "ಹೊಸಬ ಮೊದ್ಲು ಕೇಳ್ಬೇಕು, ಆಮೇಲೆ ಬಾಯಿ ಬಿಡ್ಬೇಕು. ಯಾರಾದ್ರೂ ಜಾಸ್ತಿ ಆಡಿದ್ರೆ, ಹೊರಗೆ ಹೋಗು ಅಂತ ಯಾರೂ ಅನ್ನಲ್ಲ. ಸ್ಪೀಡ್ ಜಾಸ್ತಿ ಮಾಡ್ತಾರೆ, ಅಷ್ಟೆ. ಅವನೇ ಬಿಟ್ಟು ಹೋಗ್ತಾನೆ."

"ಹೊರಗೆ ಹೋಗು ಅನ್ನೋದಕ್ಕಿಂತ ಅದೇ ಕೆಟ್ಟದ್ದಲ್ವೇನ್ರೀ?" ಎಂದಿದ್ದಳು ಅತಿಯಾ. ಅವನು ನಕ್ಕುಬಿಟ್ಟಿದ್ದ.

ಈಗ, ಒಂದು ಟ್ಯೂನ್ ಮುಗಿದಾಗ ಅವನು ಕೇಳಿದ: "ಲೋರ್ನಾ ಬರಲಿಲ್ವಾ ಇವತ್ತು?"

ಕೊಳಲು ನುಡಿಸುತ್ತಿದ್ದ ಲೋರ್ನಾ ಒಂಬತ್ತು ವರ್ಷದಿಂದ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಇಸ್ಹಾಕನ ಪಕ್ಕದಲ್ಲಿದ್ದ ಇಂಗ್ರಿಡ್ ತನ್ನ ಪಿಟೀಲಿನ ಕಮಾನಿನ ತಿರುಪು ಬಿಗಿಮಾಡತೊಡಗಿದಳು. ಬೌರಾನ್ ಎಂಬ ಚರ್ಮವಾದ್ಯ ಬಾರಿಸುತ್ತಿದ್ದ ರಘು ಫೋನ್ ನೋಡಿಕೊಂಡ. ಗ್ಲೆನ್ ಮುಗುಳ್ನಕ್ಕು ಮುಂದಿನ ಟ್ಯೂನ್ ಎತ್ತಿಕೊಂಡ. ಎಂದಿಗಿಂತ ತುಸು ವೇಗವಾಗಿ.

ಮನೆಗೆ ಬಂದು ಇಸ್ಹಾಕ್ ಫೋರಮ್ ತೆರೆದ. ಗ್ಲೆನ್ ಒಂದು ಟ್ಯೂನಿಗೆ ಕೊಟ್ಟ ಹೆಸರು ತಪ್ಪೆಂದು ಹಿಂದಿನ ವಾರ ಲೋರ್ನಾ ಹಳೆಯ ಧ್ವನಿಮುದ್ರಿಕೆಯ ಪುರಾವೆಯೊಡನೆ ಅಲ್ಲಿ ಬರೆದಿದ್ದಳು. ಆ ಪೋಸ್ಟ್ ಇರಲಿಲ್ಲ. ಅವಳ ಯಾವ ಪೋಸ್ಟೂ ಇರಲಿಲ್ಲ. ಎರಡು ವರ್ಷದ ಹಿಂದೆ ಅವನು ಅಂಜುತ್ತ ಕೇಳಿದ್ದ ಮೊದಲ ಪ್ರಶ್ನೆ ಇತ್ತು. ಅವಳು ಅಕ್ಕರೆಯಿಂದ ಬರೆದಿದ್ದ ಉತ್ತರದ ಜಾಗದಲ್ಲಿ ಏನೂ ಇರಲಿಲ್ಲ. ಅದರ ಕೆಳಗೆ ಅವನದೇ "ತುಂಬಾ ಥ್ಯಾಂಕ್ಸ್" ಮಾತ್ರ ಉಳಿದಿತ್ತು, ಗೋಡೆಗೆ ಹೇಳಿದ ಹಾಗೆ.

ಮರುವಾರ ಗ್ಲೆನ್ ಅವನ ಹೆಗಲು ಮುಟ್ಟಿ ಆ ಕುರ್ಚಿ ತೋರಿಸಿದ. "ಕೂತ್ಕೋ. ಇದು ಇನ್ನು ನಿನ್ನದು." ಎಲ್ಲರೂ ನೋಡುತ್ತಿದ್ದರು. ಇಸ್ಹಾಕ್ ಕೂತ. ಕೂತಾಗ ಒಳಗೆಲ್ಲೋ ಸಂತೋಷವೂ ಆಯಿತು. ಅದನ್ನು ನೆನೆದು ಆಮೇಲೆ ಬಹಳ ದಿನ ನಾಚಿಕೊಂಡ.

ಎರಡು ದಿನ ಬಿಟ್ಟು ಗ್ಲೆನ್ ಅವನನ್ನು ಫೋರಮ್ಮಿನ ಪೋಸ್ಟುಗಳ ಮೇಲ್ವಿಚಾರಣೆ ನೋಡುವ ಮಾಡರೇಟರ್ ಮಾಡಿದ. ಟಕ್ವಿಲಾದಲ್ಲಿದ್ದ ತನ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ಇಸ್ಹಾಕ್ ಲಾಗಿನ್ ಆದ. ಬೇರೆಯವರಿಗೆ ಕಾಣದ ಒಂದು ವಿಭಾಗ ಅವನಿಗೆ ಈಗ ಕಂಡಿತು. ಅದರಲ್ಲಿ ಟ್ಯೂನುಗಳಿರಲಿಲ್ಲ, ಹೆಸರುಗಳಿದ್ದವು. ಒಬ್ಬೊಬ್ಬರಿಗೆ ಒಂದೊಂದು ಪುಟ.

ಲೋರ್ನಾಳ ಪುಟದಲ್ಲಿ ಹೀಗಿತ್ತು: ಗೋದಾಮಿನ ಆಫೀಸಿನಲ್ಲಿ ಕೆಲಸ. ಆರು ವರ್ಷದ ಹಿಂದೆ ಕುಡಿತ ಬಿಟ್ಟವಳು. ಆಫೀಸಿನವರಿಗೆ ಗೊತ್ತಿಲ್ಲ. ಅದರ ಕೆಳಗೆ: ಮಾರ್ಚ್ ಮೂರು, ಆಫೀಸಿಗೆ ಪತ್ರ ಹೋಗಿದೆ.

ಇಸ್ಹಾಕ್ ತನ್ನ ಪುಟ ತೆರೆದ. ವೀಸಾ ಕೆಲಸದ ಮೇಲೆ ನಿಂತಿದೆ. ಏಪ್ರಿಲ್‌ಗೆ ಕೆಲಸ ಹೋಗುತ್ತದೆ. ಹೆಂಡತಿಗೆ ಹೇಳಿಲ್ಲ. ಎದುರು ಮಾತಾಡುವವನಲ್ಲ.

ಕೆಲಸ ಹೋಗುವ ವಿಷಯ ನಿಜ. ಹೋದರೆ ಅರವತ್ತು ದಿನದಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲದಿದ್ದರೆ ಸಂಸಾರ ಕಟ್ಟಿಕೊಂಡು ದೇಶ ಬಿಡಬೇಕು. ಆದರೆ ಅದನ್ನು ಅವನು ಗ್ಲೆನ್‌ಗೆ ಹೇಳಿರಲಿಲ್ಲ. ತಿಂಗಳ ಹಿಂದೆ ಪಬ್ಬಿನ ಪಾರ್ಕಿಂಗಿನಲ್ಲಿ, ಎದೆಯ ಭಾರ ತಾಳಲಾರದೆ ಇಬ್ಬರಿಗೆ ಮಾತ್ರ ಹೇಳಿದ್ದ. ಮಂಡ್ಯ ಕಡೆಯ ರಘುವಿಗೆ, ಮತ್ತು ತಾಯಿಯಂತೆ ಕಂಡಿದ್ದ ಇಂಗ್ರಿಡ್‌ಗೆ.

ಆ ಪುಟವನ್ನು ಗ್ಲೆನ್ ತಪ್ಪಿ ತೋರಿಸಿದ್ದಲ್ಲ ಎಂಬುದೂ ಅವನಿಗೆ ಹೊಳೆಯಿತು. ನೋಡಲಿ, ನೋಡಿ ಬಾಯಿ ಮುಚ್ಚಿಕೊಂಡಿರಲಿ ಎಂದೇ ತೋರಿಸಿದ್ದ.

ಆ ಸಂಜೆ ಐದಕ್ಕೆ ಅವನು ಲೋರ್ನಾಳ ಅಪಾರ್ಟ್‌ಮೆಂಟಿಗೆ ಹೋದ. ಟಕ್ವಿಲಾದ ಮಾಲ್ ಹಿಂದೆಯೇ ಅವಳ ಮನೆ. ಬಾಗಿಲು ಸರಪಳಿಯಷ್ಟೇ ಅಗಲ ತೆರೆಯಿತು.

"ಗ್ಲೆನ್ ಕಳಿಸಿದನಾ?"

"ಇಲ್ಲ. ನಾನೇ ಬಂದೆ."

"ಹಾಗಂತ ನಾನು ಹೇಗೆ ನಂಬಲಿ?" ಅವಳು ಸರಪಳಿ ತೆಗೆಯಲಿಲ್ಲ. "ನನ್ನ ಕೆಲಸ ಏನೂ ಹೋಗಿಲ್ಲ. ಆದರೆ ಈಗ ಎಲ್ಲರೂ ಹತ್ತಿರ ಬಂದು ನನ್ನ ಉಸಿರು ಮೂಸಿ ನೋಡ್ತಾರೆ. ಕುಡಿತ ಬಿಟ್ಟ ಕತೆ ನಾನು ಎಲ್ಲಿ ಹೇಳಿದ್ದೆ ಗೊತ್ತಾ? ಆ ಮೇಜಿನಲ್ಲೇ. ಎರಡು ಟ್ಯೂನುಗಳ ನಡುವೆ. ಅಲ್ಲಿ ಆಡಿದ ಮಾತು ನುಡಿಸಿದ ಟ್ಯೂನಿನ ಜೊತೆ ಗಾಳಿಗೆ ಹೋಗುತ್ತೆ ಅಂದ್ಕೊಂಡಿದ್ದೆ."

"ಒಂದು ಹೆಸರು ತಿದ್ದಿದ್ದಕ್ಕೆ ಇಷ್ಟೆಲ್ಲ..."

"ಹೆಸರಿಗಲ್ಲ, ಇಸ್ಹಾಕ್. ಎಲ್ಲರ ಎದುರು ತಿದ್ದಿದ್ದಕ್ಕೆ." ಅವಳು ಒಂದು ಗಳಿಗೆ ಅವನನ್ನು ದಿಟ್ಟಿಸಿದಳು. "ನನ್ನ ಕುರ್ಚಿಯಲ್ಲಿ ಈಗ ಯಾರು ಕೂರ್ತಾರೆ?"

ಅವನು ಅವಳ ಕಣ್ಣು ತಪ್ಪಿಸಿ ನೆಲ ನೋಡಿದ. ಅವಳು ಬಾಗಿಲು ಮುಚ್ಚಿದಳು.

ಮನೆಗೆ ಬಂದವನೇ ಅತಿಯಾಳನ್ನು ಅಡುಗೆಮನೆಯಲ್ಲಿ ಕೂರಿಸಿ ಕೆಲಸದ ವಿಷಯ, ಆ ಪುಟದ ವಿಷಯ ಎರಡನ್ನೂ ಹೇಳಿದ. ಅವಳು ಹೆಚ್ಚುತ್ತಿದ್ದ ಈರುಳ್ಳಿಯನ್ನು ಪಕ್ಕಕ್ಕಿಟ್ಟಳು.

"ಪಬ್ಬಲ್ಲಿ ಕೂತ್ಕೊಂಡಿರೋ ಯಾರಿಗೋ ಗೊತ್ತು. ನಂಗೆ ಗೊತ್ತಿಲ್ಲ."

"ನಿನ್ನ ನಿದ್ದೆ ಕೆಡಿಸೋದು ಬೇಡ ಅಂತ..."

"ಈಗ ಚೆನ್ನಾಗಿ ನಿದ್ದೆ ಬರುತ್ತೆ ಬಿಡಿ." ಅವಳು ಎದ್ದು ಒಲೆ ಆರಿಸಿದಳು. ತಿರುಗಿ ಕೇಳಿದಳು: "ಆಯತ್ ವಿಷಯ ಏನಾದ್ರೂ ಬರ್ದಿದಾರಾ ಅದರಲ್ಲಿ?" ಆಯತ್ ಅವರ ಹದಿಮೂರು ವರ್ಷದ ಮಗಳು.

ಬರೆದಿದ್ದರು. ಅವಳ ಶಾಲೆಯ ಹೆಸರು, ಬಸ್ಸು ಬಿಡುವ ಹೊತ್ತು. ಅದನ್ನು ಹೇಳಲೋ ಬೇಡವೋ ಎಂದು ಇಸ್ಹಾಕ್ ತಡವರಿಸಿದ. ಅಷ್ಟರಿಂದಲೇ ಅವಳಿಗೆ ತಿಳಿಯಿತು.

"ಎಲ್ರಿಗೂ ಕಳಿಸಿ ಅದನ್ನ," ಎಂದಳು. "ಅವರವರ ಪುಟ ಅವರವರಿಗೆ. ನಂಗೆ ಗೊತ್ತಾಯ್ತಲ್ಲ, ಇನ್ನೇನು ಹೆದರಿಕೆ ನಿಮಗೆ?"

ಇಸ್ಹಾಕ್ ಹಾಗೆಯೇ ಮಾಡಿದ. ನಲವತ್ತೊಂದು ಪುಟಗಳು, ನಲವತ್ತೊಂದು ಮೇಲ್. ಆಮೇಲೆ ಪೊಲೀಸರಿಗೂ ಫೋನ್ ಮಾಡಿದ. ಪೊಲೀಸಿನವಳು ಸಮಾಧಾನದಿಂದ ಎಲ್ಲವನ್ನೂ ಬರೆದುಕೊಂಡಳು. ಇದರಲ್ಲಿ ಬಹುಪಾಲು ನೀವೇ ಆಡಿದ ಮಾತುಗಳು, ಯಾರಾದರೂ ಬೆದರಿಸಿದರೆ ಮತ್ತೆ ಫೋನ್ ಮಾಡಿ ಎಂದಳು.

ಆ ಭಾನುವಾರ ಅವನು ಪಬ್ಬಿಗೆ ಹೋದಾಗ ಏಳೇ ಮಂದಿ ಇದ್ದರು. ಅವನು ಪಿಟೀಲು ಹೊರತೆಗೆಯಲಿಲ್ಲ. ನಿಂತೇ ಕೇಳಿದ.

"ಲೋರ್ನಾಳ ಆಫೀಸಿಗೆ ಪತ್ರ ಬರೆದದ್ದು ನೀನಾ, ಗ್ಲೆನ್?"

ಗ್ಲೆನ್ ಕನ್ಸರ್ಟಿನಾವನ್ನು ಮಡಿಲಲ್ಲಿಟ್ಟುಕೊಂಡ. ಅವನ ದನಿ ಎಂದಿನಷ್ಟೇ ಮೆದುವಾಗಿತ್ತು. "ಇಲ್ಲಿ ಯಾರನ್ನೂ ನಾನು ಏನೂ ಕೇಳಿಲ್ಲ. ನೀವೇ ಬಂದು ಹೇಳ್ತಿದ್ದಿರಿ. ಈ ಮೇಜನ್ನ ಇಪ್ಪತ್ತು ವರ್ಷ ಕಾಪಾಡಿದೀನಿ. ಏನನ್ನೂ ನೆನಪಿಟ್ಟುಕೊಳ್ಳದೆ ಕಾಪಾಡೋಕಾಗುತ್ತಾ?"

"ನನ್ನ ವಿಷಯ ನಿನಗೆ ಯಾರು ಹೇಳಿದರು?"

ಗ್ಲೆನ್ ಮೇಜಿನ ಸುತ್ತ ಒಮ್ಮೆ ಕಣ್ಣಾಡಿಸಿದ. ಯಾರ ಮೇಲೂ ನಿಲ್ಲಿಸಲಿಲ್ಲ. ನಂತರ ಟ್ಯೂನ್ ಎತ್ತಿಕೊಂಡ. ನಾಲ್ವರು ಸೇರಿಕೊಂಡರು. ರಘುವೂ ಇಂಗ್ರಿಡ್ಡೂ ವಾದ್ಯ ಎತ್ತಿಕೊಂಡು ಇಸ್ಹಾಕನ ಹಿಂದೆಯೇ ಹೊರಗೆ ಬಂದರು.

"ದೇವರಾಣೆ ಇಸ್ಹಾಕ್ ಭಾಯ್, ನಾನಲ್ಲ," ಎಂದ ರಘು, ಪಾರ್ಕಿಂಗಿನಲ್ಲಿ. "ನಾನ್ಯಾಕೆ ಹೇಳ್ಲಿ?"

ಇಂಗ್ರಿಡ್‌ಗೆ ಕನ್ನಡ ತಿಳಿಯದು. ಆದರೂ ಏನು ನಡೆಯುತ್ತಿದೆ ಎಂದು ಅವಳಿಗೆ ಅರ್ಥವಾಗಿತ್ತು. ಅವಳು ಆಣೆ ಇಡಲಿಲ್ಲ. ಇಸ್ಹಾಕನ ಕೈ ಹಿಡಿದು ಅತ್ತಳು. ಆಣೆಯನ್ನು ನಂಬಬೇಕೋ ಅಳುವನ್ನು ನಂಬಬೇಕೋ ಅವನಿಗೆ ತೋಚಲಿಲ್ಲ.

ಫೋರಮ್ ಒಂದು ವಾರದಲ್ಲಿ ಮುಚ್ಚಿತು. ಏಪ್ರಿಲ್‌ನಲ್ಲಿ ಇಸ್ಹಾಕನ ಕೆಲಸ ಹೋಯಿತು. ಮೂವತ್ತೆಂಟನೆಯ ದಿನ ಒಂದು ಸಣ್ಣ ಕಂಪನಿಯಲ್ಲಿ ಬೇರೆ ಕೆಲಸ ಸಿಕ್ಕಿತು. ಅಷ್ಟು ದಿನವೂ ಆಯತಳನ್ನು ಅತಿಯಾ ತಾನೇ ಕಾರಿನಲ್ಲಿ ಶಾಲೆಗೆ ಬಿಟ್ಟು ಕರೆತಂದಳು. ಆಮೇಲೂ ಅದನ್ನು ನಿಲ್ಲಿಸಲಿಲ್ಲ. ಲೋರ್ನಾಳಿಗೆ ಅವನು ಎರಡು ಸಲ ಮೆಸೇಜ್ ಕಳಿಸಿದ. ಉತ್ತರ ಬರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ರಘು ಫೋನ್ ಮಾಡಿ, "ಕೈ ಜಡ್ಡುಗಟ್ಟಿದೆ ಭಾಯ್, ನಿಮ್ಮನೇಲೇ ಸೇರೋಣ್ವಾ?" ಎಂದ. ಬೇಡವೆನ್ನಲು ಇಸ್ಹಾಕನಿಗೆ ಕಾರಣ ಸಿಗಲಿಲ್ಲ. ರಘು ಸಮಾಮಿಶ್‌ನಲ್ಲಿದ್ದ ತನ್ನ ಮನೆಯಿಂದ ಡ್ರೈವ್ ಮಾಡಿಕೊಂಡು ಬಂದ. ಇಂಗ್ರಿಡ್ ಕೇಕ್ ತಂದಳು. ಮೂವರೂ ನಡುಮನೆಯಲ್ಲಿ ಕೂತು ಶ್ರುತಿ ಸರಿಮಾಡಿಕೊಂಡರು.

ಚೆನ್ನಾಗಿಯೇ ನುಡಿಸಿದರು. ಮೊದಲ ಟ್ಯೂನ್ ಮುಗಿಯಿತು. ಪಬ್ಬಿನಲ್ಲಿ ಮಂಡಿನೋವು, ಮಕ್ಕಳ ಶಾಲೆ, ಆಫೀಸಿನ ಗೋಳು ಎಲ್ಲ ಹೊರಬರುತ್ತಿದ್ದ ಹೊತ್ತು ಅದು. ಇಂಗ್ರಿಡ್ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ರಘು ಬೌರಾನಿನ ಅಂಚನ್ನು ಬೆರಳಿನಿಂದ ಸವರಿದ. ಇಸ್ಹಾಕ್ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ.

ಅತಿಯಾ ಚಹಾ ತಂದಿಟ್ಟಳು. "ಏನು ಇಷ್ಟು ಸೈಲೆಂಟು? ಏನಾದ್ರೂ ಮಾತಾಡಿ. ಮನೇಲೆಲ್ಲ ಹೇಗಿದಾರೆ ರಘು?"

"ಎಲ್ಲ ಚೆನ್ನಾಗಿದಾರೆ ಅಕ್ಕ," ಎಂದ ರಘು, ಅವಸರದಿಂದ. ಚಹಾದ ಲೋಟ ಎತ್ತಿಕೊಂಡ.

ಇಸ್ಹಾಕ್ ಪಿಟೀಲನ್ನು ಗಲ್ಲಕ್ಕೆ ಆನಿಸಿ ಎರಡನೆಯ ಟ್ಯೂನ್ ಎತ್ತಿಕೊಂಡ. ಅದು ಮುಗಿಯುತ್ತಿದ್ದಂತೆ, ನಡುವೆ ಮಾತಿಗೆ ಉಸಿರಿನಷ್ಟೂ ಬಿಡುವಾಗದಂತೆ, ಇಂಗ್ರಿಡ್ ಮೂರನೆಯದಕ್ಕೆ ಹೊರಳಿದಳು.