ಪ್ರಾಗ್‌ಗೆ ಹೋಗಿಬಂದ ಜೋಡಿ

"ಅಕ್ಕಾ, ಪ್ರಾಗ್‌ನಲ್ಲಿ ನಿಮಗೆ ತುಂಬ ಹಿಡಿಸಿದ್ದು ಯಾವುದು?" ಎಂದು ತಮಿಳಿನಲ್ಲಿ ಕೇಳಿ ನಿರೂಪಕಿ ಮೈಕನ್ನು ಕಣ್ಣಮ್ಮನ ಬಾಯಿಯ ಹತ್ತಿರ ಹಿಡಿದಳು.

ಹೊಲಿಗೆ ನೂಲಿನ ಕಂಪನಿಯವರು ಕೊಯಮತ್ತೂರಿನ ಕಲ್ಯಾಣಮಂಟಪದಲ್ಲಿ ತಮ್ಮ ವ್ಯಾಪಾರಿಗಳನ್ನೆಲ್ಲ ಸಂಸಾರ ಸಮೇತ ಕರೆದಿದ್ದರು. ವೇದಿಕೆಯ ಹಿಂದಿನ ಪರದೆಯಲ್ಲಿ ಪ್ರಾಗ್ ನಗರದ ಚಿತ್ರಗಳು ಓಡುತ್ತಿದ್ದವು. ಕಲ್ಲುಮೂರ್ತಿಗಳು ಸಾಲಾಗಿ ನಿಂತ ಹಳೆಯ ಸೇತುವೆ, ನದಿಯಾಚೆ ಗುಡ್ಡದ ಮೇಲಿನ ಅರಮನೆ, ಹಳೇ ಪೇಟೆಯ ಗೋಪುರದ ಗಡಿಯಾರ. ಪಕ್ಕದಲ್ಲಿ ಗಂಡ ತಿರುಮೂರ್ತಿ ಶಾಲು ಹೊದ್ದು ನಗುತ್ತ ನಿಂತಿದ್ದ. ಅವನ ಬೆರಳು ಮೆಲ್ಲಗೆ ಅವಳ ಮೊಣಕೈಯನ್ನು ಒತ್ತಿತು.

"ಗಡಿಯಾರ ಅನ್ನು," ಎಂದ, ಮನೆಯ ಕನ್ನಡದಲ್ಲಿ, ತುಟಿ ಅಲುಗಿಸದೆ.

ಗಡಿಯಾರವಂತೆ!

ತಿರುಪ್ಪೂರಿನ ಅವರ ನೂಲಿನಂಗಡಿಯ ಬಾಗಿಲು ತೆಗೆಯುವವಳು ಕಣ್ಣಮ್ಮ. ಹೊಲಿಗೆಯವರು ತಂದ ಬಟ್ಟೆಯ ಚೂರನ್ನು ಬಿಸಿಲಿಗೆ ಹಿಡಿದು, ಒಪ್ಪುವ ಬಣ್ಣದ ನೂಲು ಹುಡುಕಿ ಕೊಡುವವಳೂ ಅವಳೇ. ಹೆಚ್ಚು ಮಾರಿದ ಅಂಗಡಿಯ ಗಂಡಹೆಂಡಿರಿಗೆ ಪ್ರಾಗ್ ಪ್ರವಾಸ ಎಂದು ಕಂಪನಿ ಹೇಳಿದಾಗ ಪಾಸ್‌ಪೋರ್ಟು ಮಾಡಿಸಿಕೊಂಡಳು, ಸ್ವೆಟರ್ ಕೊಂಡಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಆ ಗಡಿಯಾರವನ್ನೇ ನೋಡುತ್ತ ಕೂತಳು. ಗಂಟೆಯಾಗುತ್ತಲೇ ಎಲುಬುಗೂಡಿನ ಬೊಂಬೆಯೊಂದು ಹಗ್ಗ ಜಗ್ಗುತ್ತದೆ. ಮೇಲೆ ಪುಟ್ಟ ಕಿಟಕಿಗಳು ತೆರೆದು ಸಂತರ ಬೊಂಬೆಗಳು ಒಬ್ಬರ ಹಿಂದೊಬ್ಬರು ಬಂದು, ಕೆಳಗಿನ ಜನರತ್ತ ನೋಡಿ ಮರೆಯಾಗುತ್ತವೆ.

ವೀಸಾಕ್ಕೆ ಕಾಗದ ಕೊಡುವ ಮುಂಚೆ ತಿರುಮೂರ್ತಿ ಕಂಪನಿಯ ಮ್ಯಾನೇಜರ್ ದಿವಾಕರ್‌ಗೆ ಹೇಳಿ ಅವಳ ಜಾಗದಲ್ಲಿ ತನ್ನಣ್ಣ ಹರಿಹರನ್ ಹೆಸರು ಹಾಕಿಸಿದ್ದ.

"ಅಣ್ಣ ಆಸೆಪಟ್ಬುಟ್ರು. ನೀ ಅಲ್ಲಿ ಬಂದು ಏನ್ ಮಾಡ್ತೆ? ಇಂಗ್ಲೀಷ್ ತೆರಿಯಾದು, ಚಳಿ ಬೇರೆ. ಅಂಗಡಿ ಯಾರ್ ನೋಡ್ಕಳಾದು?"

ಭಾವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಚಳಿ ಅವನಿಗೂ ಆಗುತ್ತಿರಲಿಲ್ಲ.

ಅವರು ಮರಳಿದ ದಿನ ಅವಳು ಕೇಳಿದ್ದು ಒಂದೇ ಮಾತು. "ಏನುಂಗ, ಆ ಬೊಂಬೆಗಳು ಬಂದ್ವಾ?"

"ಅಯ್ಯೋ, ಅಲ್ಲಿ ಒರೇ ಕೂಟ್ಟ, ಕಾಲಿಡಾಕೆ ಜಾಗ ಇಲ್ಲ! ಗಂಟೆ ಹೊಡಿಯಾಕೆ ಇನ್ನೂ ಹೊತ್ತಿತ್ತು. ಅಣ್ಣಂಗೆ ಹಸಿವು. ತಿನ್ನಾಕೆ ಹೋಗ್ಬುಟ್ಟೊ."

ತನ್ನನ್ನು ಬಿಟ್ಟುಹೋದದ್ದಕ್ಕಿಂತ ಆ ಮಾತೇ ಅವಳ ಹೊಟ್ಟೆಯನ್ನು ಹೆಚ್ಚು ಉರಿಸಿತ್ತು. ಅಷ್ಟು ದೂರ ಹೋಗಿ, ಅದರ ಬುಡದಲ್ಲೇ ನಿಂತು, ಇವರಿಗೆ ಹಸಿವಾಯಿತಂತೆ.

ಬಾಡಿಗೆಗೆ ಬಂದಿದ್ದ ನಿರೂಪಕಿಗೆ ಇದೊಂದೂ ತಿಳಿದಿರಲಿಲ್ಲ. "ಸಂಕೋಚ ಬೇಡಕ್ಕಾ," ಎಂದು ಹುರಿದುಂಬಿಸಿದಳು. ಕಣ್ಣಮ್ಮ ಮೈಕನ್ನು ಅವಳ ಕೈಯಿಂದ ತೆಗೆದುಕೊಂಡಳು. ತಮಿಳಿನಲ್ಲಿ, ಇಡೀ ಮಂಟಪಕ್ಕೆ ಕೇಳುವಂತೆ ಹೇಳಿದಳು:

"ನಾನು ಹೋಗಲೇ ಇಲ್ಲಮ್ಮ. ಜೋಡಿ ಅಂತ ಹೋದದ್ದು ಇವರು, ಇವರ ಅಣ್ಣ. ಅಂಗಡೀಲಿ ಕೂತು ನೂಲು ಮಾರಿದ್ದು ನಾನು. ಆ ಗಡಿಯಾರದ ಬೊಂಬೆ ಹೇಗಿತ್ತು ಅಂತ ಇವರನ್ನೂ ಕೇಳಬೇಡ. ಇವರೂ ನೋಡಿಲ್ಲ."

ತಮಾಷೆಯೆಂದುಕೊಂಡು ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹರಿಹರನ್ ಎದ್ದು ಹೊರಗೆ ನಡೆದ. ನಿರೂಪಕಿ ಗಡಿಬಿಡಿಯಿಂದ ಮುಂದಿನವರ ಹೆಸರು ಕೂಗಿದಳು.

"ಇಂಗೆ ಮಾನ ತೆಗ್ದುಬುಟ್ಟಲ್ಲ!" ಎಂದ ತಿರುಮೂರ್ತಿ, ಹೊರಗೆ ಕಾರಿನ ಹತ್ತಿರ. "ಮನೆಲಿ ಹೇಳಾಕೆ ಆಗಲ್ವಾ?"

"ಮನೆಲಿ ಹೇಳ್ದೆ. ಅತ್ಕಂಡೆ. ಊಟ ಬಿಟ್ಟೆ. ಯಾರ್ ಕೇಳಿದ್ರಿ?"

ಭಾವ ಆಗಲೇ ಗಾಜು ಏರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ತಿರುಮೂರ್ತಿ ಅವಳಿಗಾಗಿ ಹಿಂದಿನ ಬಾಗಿಲು ತೆರೆದು ಹಿಡಿದ.

ಕಣ್ಣಮ್ಮ ಆ ಬಾಗಿಲನ್ನೊಮ್ಮೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಗೆ ನಡೆದಳು. ಸಂಜೆಯ ತಿರುಪ್ಪೂರು ಬಸ್ಸು ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕೂತಳು.

ಬಸ್ಸು ಹೊರಟಿತು. ಹಿಂದೆ ಅವರ ಕಾರು ದಾರಿ ಸಿಗದೆ ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಅವಳು ಕಿಟಕಿಯ ಗಾಜನ್ನು ಪೂರ್ತಿ ಸರಿಸಿ, ಗಾಳಿಗೆ ಮುಖವೊಡ್ಡಿದಳು.