ಹೆಡ್‌ಲೈಟ್ ಆರಿಸಿ ನಿಂತವರು

ಆ ಬೋರ್ಡು ಬರೆದವಳು ನಾನೇ. ಬಿಳಿ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಮೂರೇ ಸಾಲು. ‘ದಯವಿಟ್ಟು ಹೆಡ್‌ಲೈಟ್ ಆರಿಸಿ. ರೇಡಿಯೊ 88.3ಕ್ಕೆ ತಿರುಗಿಸಿ. ಹುಲ್ಲಿನ ಮೇಲೆ ಕಾರು ಹತ್ತಿಸಬೇಡಿ.’ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮಾರನೇ ದಿನ, ನವೆಂಬರಿನ ಕೊನೆಗೆ, ಅದನ್ನು ನಮ್ಮ ಬೀದಿಯ ಬಾಯಲ್ಲಿ ನೆಡುತ್ತೇವೆ. ಆ ಡಿಸೆಂಬರಿನ ಎರಡನೇ ಶನಿವಾರ ಸಂಜೆ, ಈ ಮೂರು ಸಾಲು ಸೇರಿ ನನ್ನ ಗಂಡನ ಜೀವ ತೆಗೆಯುವುದರಲ್ಲಿದ್ದವು.

ನನ್ನ ಗಂಡ ಆರ್ಲೋ ಹಾಲ್ವರ್ಸನ್ ಮೂವತ್ತೊಂದು ವರ್ಷ ನಮ್ಮೂರಿನ ಜೋಳದ ಗೋದಾಮಿನಲ್ಲಿ ವಿದ್ಯುತ್ ಕೆಲಸ ಮಾಡಿದವನು. ನಿವೃತ್ತನಾದ ಮೇಲೆ ಬೇರೆ ಗಂಡಸರು ಮೀನು ಹಿಡಿಯಲು ಹೋದರೆ, ಇವನು ಕ್ರಿಸ್‌ಮಸ್ಸಿಗೆಂದು ಮನೆಗೆ ಹನ್ನೆರಡು ಸಾವಿರ ಬಲ್ಬು ಸುತ್ತಿದ. ಅಷ್ಟನ್ನೂ ಆಡಿಸುವುದು ಗ್ಯಾರೇಜಿನಲ್ಲಿದ್ದ ಅಂಗೈಯಗಲದ ಒಂದು ಕಂಪ್ಯೂಟರು. ನಾವಿಬ್ಬರು ಶುಕ್ರವಾರ ಹೊರಗೆ ಮೀನೂಟ ಮಾಡಿ ಬರುವ ಖರ್ಚಿನಲ್ಲಿ ಬಂದದ್ದು. ಖಾಲಿಯಾದ ಬೆಣ್ಣೆ ಡಬ್ಬಿಯಲ್ಲಿ ಅದಕ್ಕೆ ವಾಸ. ಐದೂವರೆಗೆ ದೀಪ ಹತ್ತಿಸು, ಹಾಡಿಗೆ ತಕ್ಕಂತೆ ಕುಣಿಸು, ಒಂಬತ್ತಕ್ಕೆ ಆರಿಸು. ಹಾಡು ಪಕ್ಕದ ಪುಟ್ಟ ರೇಡಿಯೊ ಪೆಟ್ಟಿಗೆಯ ಮೂಲಕ, ದೀಪ ನೋಡಲು ಬಂದು ಬೀದಿಯಲ್ಲಿ ನಿಂತ ಕಾರುಗಳಿಗೆ ಹೋಗುತ್ತದೆ. ಆರ್ಲೋ ಆ ಕಂಪ್ಯೂಟರನ್ನು ಗುಮಾಸ್ತ ಎಂದು ಕರೆಯುತ್ತಿದ್ದ. ಅದರಲ್ಲಿ ಒಂದು ದಿನ ನಾಳೆ ಮಳೆ ಬರುತ್ತದಾ ಎಂದು ನೋಡಹೋದೆ, ನನ್ನ ಕೈಗೇ ಹೊಡೆದ.

“ಮುಟ್ಬೇಡ ವರ್ಲಾ. ಅದಕ್ಕೆ ಒಂದೇ ಕೆಲಸ. ಅದಕ್ಕೇ ಅದು ತಪ್ಪು ಮಾಡಲ್ಲ.”

“ನಂಗೂ ಒಂದೇ ಕೆಲಸ ಕೊಟ್ಟು ನೋಡು, ನಾನೂ ಮಾಡಲ್ಲ,” ಎಂದೆ.

ನಮ್ಮದು ಮುಂದಕ್ಕೆ ದಾರಿಯಿಲ್ಲದ ಬೀದಿ. ಒಂದು ಕಡೆಯಿಂದ ಒಳಗೆ ಬಂದು, ಕೊನೆಯಲ್ಲಿ ನಮ್ಮ ಮನೆಯ ಮುಂದೆ ಸುತ್ತು ಹಾಕಿ, ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ಎದುರು ಮನೆ ಡೆಲ್ಮರ್ ಕ್ರೂಗರ್‌ನದು. ಒಳಗೆ ಬರುವಾಗ ಬಲಗಡೆ ಉದ್ದಕ್ಕೂ ಸಿಗುವ ಎರಡು ಎಕರೆ ಹುಲ್ಲೂ ಅವನದೇ. ಬೇಸಿಗೆಯಲ್ಲಿ ಅದನ್ನು ಅಡ್ಡಪಟ್ಟೆ ಬರುವಂತೆ ಕತ್ತರಿಸುತ್ತಾನೆ. ಡಿಸೆಂಬರಿನಲ್ಲಿ ನಮ್ಮ ಪ್ರೇಕ್ಷಕರ ಚಕ್ರ ತಾಗದಿರಲೆಂದು ಸುತ್ತ ಗೂಟ ಹೊಡೆದು ಹಳದಿ ಹಗ್ಗ ಕಟ್ಟುತ್ತಾನೆ. ಅವನ ಹೆಂಡತಿ ತೀರಿಕೊಂಡ ಮೇಲೆ ಆ ಹುಲ್ಲಿನ ಮೇಲೆ ನಾಯಿ ಕಾಲಿಟ್ಟರೂ ಜಗಳ. ನಮಗೂ ಅವನಿಗೂ ಎಣ್ಣೆ ಸೀಗೆಕಾಯಿ. ಊರಿನವರೆಲ್ಲ ನನ್ನನ್ನು ವರ್ಲಾ ಎಂದರೆ, ಅವನು ಮಾತ್ರ ಮಿಸೆಸ್ ಹಾಲ್ವರ್ಸನ್ ಎನ್ನುತ್ತಿದ್ದ. ಬೈಗುಳವೂ ಅದಕ್ಕಿಂತ ಮೆತ್ತಗಿರುತ್ತದೆ.

ಮೂರು ವರ್ಷದ ಹಿಂದೆ ಊರ ಸಭೆಯಲ್ಲಿ ಅವನು ಕಾಗದ ಹಿಡಿದು ಎದ್ದು ನಿಂತ. “ಈ ದೀಪದ ಜಾತ್ರೆಗೆ ಒಂದು ಲೆಕ್ಕ ಇಲ್ಲ. ಎರಡೂ ಕಡೆ ಕಾರು ನಿಂತಿರ್ತವೆ. ಒಂದಿನ ಆಂಬ್ಯುಲೆನ್ಸ್ ಒಳಗೆ ಬರಕ್ಕಾಗಲ್ಲ. ಆಗ ಏನ್ಮಾಡ್ತೀರ?”

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. “ಬಂದ್ರೆ ಅದು ನಿಮಗೇ ಬರೋದು ಡೆಲ್ಮರ್. ಹೊಟ್ಟೆ ಉರಿಗೆ ಅದರಲ್ಲೂ ಔಷಧಿ ಇರಲ್ವೇನೋ ಪಾಪ!”

ಇಡೀ ಸಭೆ ನಕ್ಕಿತು. ಡೆಲ್ಮರ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಕೂತ. ನಾನು ಎರಡು ವಾರ ಬೀಗುತ್ತ ತಿರುಗಿದೆ.

ಆ ಶನಿವಾರಕ್ಕೆ ಬರುತ್ತೇನೆ. ಹಿಮ ಇನ್ನೂ ಬಿದ್ದಿರಲಿಲ್ಲ, ಎರಡು ದಿನದ ಮಳೆಗೆ ನೆಲ ಮೆತ್ತಗಾಗಿತ್ತು. ಚಳಿ ಕಡಿಮೆಯೆಂದು ಜನ ಮುಗಿಬಿದ್ದು ಬಂದಿದ್ದರು. ಆರೂ ಮುಕ್ಕಾಲಿಗೆ ಕಾಫಿ ಹಿಡಿದು ಗ್ಯಾರೇಜಿಗೆ ಹೋದರೆ ಆರ್ಲೋ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಎಡ ದವಡೆಯನ್ನು ಅಂಗೈಯಲ್ಲಿ ಒತ್ತಿಕೊಂಡಿದ್ದ. ಅಂಗಿಯ ಕಾಲರು ಬೆವರಿಗೆ ತೊಯ್ದಿತ್ತು.

“ಹುಳಿತೇಗು,” ಎಂದ. “ಮಧ್ಯಾಹ್ನದ ಸಾಸೇಜು.”

ಸಾಸೇಜಿಗೆ ದವಡೆ ನೋಯುವುದಿಲ್ಲ. ಆಸ್ಪಿರಿನ್ ಬಾಯಿಗೆ ಹಾಕಿ ಅಗಿ ಎಂದು ಗದರಿ, 911ಕ್ಕೆ ಫೋನ್ ಮಾಡಿದೆ. ನಮ್ಮೂರ ಆಂಬ್ಯುಲೆನ್ಸ್ ಓಡಿಸುವವರು ಊರಿನವರೇ. ಅಂಗಡಿ ಬಿಟ್ಟು, ಊಟ ಬಿಟ್ಟು ಓಡಿ ಬರುವವರು. ಆರೇ ನಿಮಿಷದಲ್ಲಿ ಹೊರಟರಂತೆ. ಆಮೇಲೆ ಫೋನಿನಲ್ಲಿದ್ದ ಹುಡುಗಿಯ ದನಿ ಬದಲಾಯಿತು.

“ಮೇಡಂ, ಅವರು ನಿಮ್ಮ ಬೀದಿ ಬಾಯಲ್ಲಿದ್ದಾರೆ. ಒಳಗೆ ನುಗ್ಗಕ್ಕೆ ಆಗ್ತಿಲ್ಲ. ಒಬ್ಬರು ಬ್ಯಾಗು ಹಿಡ್ಕೊಂಡು ಓಡಿ ಬರ್ತಿದ್ದಾರೆ. ಆದ್ರೆ ನಿಮ್ಮ ಯಜಮಾನರನ್ನ ಸಾಗಿಸಕ್ಕೆ ಗಾಡಿ ಒಳಗೆ ಬರ್ಲೇಬೇಕು. ಆಸ್ಪತ್ರೆ ನಲವತ್ತು ಮೈಲಿ.”

ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಬರುವ ಸಾಲು ನಿಂತಿದೆ, ಹೊರಗೆ ಹೋಗುವ ಸಾಲೂ ನಿಂತಿದೆ. ಎಲ್ಲರ ಕಿಟಕಿ ಮುಚ್ಚಿದೆ, ಒಳಗೆ ನಮ್ಮದೇ ಹಾಡು ಜೋರಾಗಿ ಮೊಳಗುತ್ತಿದೆ. ಹಿಂದಿನ ನಾಲ್ಕಾರು ಕಾರಿಗೆ ಸೈರನ್ ಕೇಳಿರಬೇಕು, ಬಲಕ್ಕೆ ಒಂದಡಿ ಸರಿದು ಹಳದಿ ಹಗ್ಗದ ಹತ್ತಿರ ನಿಂತುಬಿಟ್ಟಿದ್ದವು. ನಮ್ಮ ಜನ ಸೈರನ್‌ಗೆ ದಾರಿ ಬಿಡುತ್ತಾರೆ, ಆದರೆ ಇನ್ನೊಬ್ಬರ ಹುಲ್ಲು ತುಳಿಯುವುದಿಲ್ಲ. ಹತ್ತಿಸಬೇಡಿ ಎಂದು ಬೋರ್ಡಿದ್ದರಂತೂ ಕೊಂದರೂ ಇಲ್ಲ. ದೂರದಲ್ಲಿ ಆಂಬ್ಯುಲೆನ್ಸಿನ ಕೆಂಪು ದೀಪ ತಿರುಗುತ್ತಿತ್ತು. ನಮ್ಮ ಮನೆಯ ಮುಂದಿನ ಕಾರಿನಲ್ಲಿ ಒಂದು ಮಗು ಹಿಂದಿನ ಕಿಟಕಿಯಿಂದ ಅದನ್ನೇ ನೋಡಿ ಚಪ್ಪಾಳೆ ತಟ್ಟುತ್ತಿತ್ತು.

ಆಟ ನಿಂತರೆ ಹೊರಡುತ್ತಾರೆ ಎನಿಸಿತು. ಗೋಡೆಯ ಹತ್ತಿರ ಎಲ್ಲ ವೈರೂ ಬಂದು ಸೇರುವ ಪ್ಲಗ್ಗಿತ್ತು. ಹಿಡಿದು ಕಿತ್ತೆ.

ಬೀದಿ ಕಗ್ಗತ್ತಲಾಯಿತು. ಒಂದು ಕಾರೂ ಅಲುಗಲಿಲ್ಲ.

ಹಿಂದಿನ ವಾರ ಎರಡು ಸಲ ಫ್ಯೂಸು ಹೋಗಿತ್ತು, ಎರಡು ಸಲವೂ ಆರ್ಲೋ ಸರಿಮಾಡಿದ್ದ. ಬಂದವರಿಗೆ ಅದು ಗೊತ್ತು. ಕಾದರೆ ದೀಪ ಬರುತ್ತದೆ. ಹೆಡ್‌ಲೈಟ್ ಆರಿಸಿ ಎಂದು ಬೇಡಿಕೊಂಡವಳು ನಾನು, ಆದ್ದರಿಂದ ಆ ಕತ್ತಲಲ್ಲೂ ಯಾರೂ ಹೆಡ್‌ಲೈಟ್ ಹಾಕಲಿಲ್ಲ. ಒಬ್ಬ ಹುರಿದುಂಬಿಸುವ ಹಾಗೆ ಪೀಂ ಪೀಂ ಎಂದು ಎರಡು ಸಲ ಹಾರ್ನ್ ಹೊಡೆದ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ.

“ಕಿತ್ತೆಯಾ?” ಕತ್ತಲಲ್ಲಿ ಆರ್ಲೋನ ದನಿ.

“ಕಿತ್ತೆ.”

“ರೇಡಿಯೊನೂ ಹೋಯ್ತಲ್ಲೇ.” ಉಸಿರು ಎಳೆದುಕೊಂಡ. “ಅವ್ರ ಹತ್ರ ಮಾತಾಡಕ್ಕೆ ಇದ್ದಿದ್ದು ಅದೊಂದೇ. ವಾಪಸ್ ಹಾಕು. ಮೈಕು ಗೋಡೆ ಮೊಳೇಲಿ ನೇತಾಡ್ತಿದೆ. ತೊಂಬತ್ತು ಸೆಕೆಂಡು ಅಷ್ಟೇ... ಆಮೇಲೆ ಗುಮಾಸ್ತ ಎದ್ದು ಹಾಡು ಹಾಕ್ತಾನೆ. ನೀನೇನ್ ಅಂದ್ರೂ ಕೇಳ್ಸಲ್ಲ.”

ಶನಿವಾರಗಳಲ್ಲಿ ಬಡವರಿಗೆಂದು ಮನೆ ಮುಂದೆ ಇಟ್ಟ ದಾನದ ಪೀಪಾಯಿಗೆ ಡಬ್ಬಿ ಆಹಾರ ಹಾಕಿದವರಿಗೆ ಅವನು ಧನ್ಯವಾದ ಹೇಳುತ್ತಿದ್ದ ಮೈಕು ಅದು. ತಡಕಾಡಿ ಹಿಡಿದೆ, ಪ್ಲಗ್ ಹಾಕಿದೆ. ರೇಡಿಯೊ ಪೆಟ್ಟಿಗೆಯ ಕೆಂಪು ದೀಪ ಕೂಡಲೇ ಹತ್ತಿತು. ಬೆಣ್ಣೆ ಡಬ್ಬಿಯೊಳಗೆ ಹಸಿರು ಚುಕ್ಕೆಯೊಂದು ಮಿಣುಕತೊಡಗಿತು. ಗುಮಾಸ್ತ ಏಳುತ್ತಿದ್ದ. ಅವನನ್ನೊಬ್ಬನನ್ನೇ ಕಿತ್ತು ಮಲಗಿಸೋಣವೆಂದರೆ, ಇಪ್ಪತ್ತು ಕಪ್ಪು ವೈರಿನಲ್ಲಿ ಅವನದು ಯಾವುದು, ರೇಡಿಯೊದ್ದು ಯಾವುದು ನನಗೆ ತಿಳಿಯದು. ಆರ್ಲೋಗೆ ತೋರಿಸುವ ಶಕ್ತಿಯಿರಲಿಲ್ಲ.

ಇಪ್ಪತ್ತೆರಡು ವರ್ಷ ಚರ್ಚಿನಲ್ಲಿ ಪ್ರಕಟಣೆ ಓದಿದವಳು ನಾನು. ನನ್ನ ಬಾಯಿಂದ ಮೊದಲು ಬಂದದ್ದು ಏನು ಗೊತ್ತೆ? “ಎಲ್ಲರಿಗೂ ಶುಭ ಸಂಜೆ.” ನನ್ನ ಮೂರ್ಖತನಕ್ಕೆ ನನಗೇ ಹೊಡೆದುಕೊಳ್ಳಬೇಕೆನಿಸಿತು.

“ಇದು ಆಟ ಅಲ್ಲ,” ಎಂದೆ. “ನಾನು ವರ್ಲಾ, ಈ ಮನೆಯವಳು. ನನ್ ಗಂಡನಿಗೆ ಎದೆ ನೋವು. ಹಿಂದೆ ಇರೋ ಕೆಂಪು ದೀಪ ಆಂಬ್ಯುಲೆನ್ಸು. ಹೆಡ್‌ಲೈಟ್ ಹಾಕಿ. ಎಲ್ರೂ ಹಾಕಿ.”

ಒಂದರ ಹಿಂದೊಂದು ಹೆಡ್‌ಲೈಟ್ ಹತ್ತಿದವು. ಸದ್ಯ, ಕೇಳಿಸುತ್ತಿದೆ.

“ಹೊರಗೆ ಹೋಗೋ ಸಾಲು ಇದ್ದಲ್ಲೇ ಇರಿ. ಒಳಗೆ ಬರೋ ಸಾಲು ಬಲಗಡೆ ಹುಲ್ಲಿಗೆ ಹತ್ಸಿ. ಬೋರ್ಡು ಬರ್ದಿದ್ದು ನಾನೇ, ಈಗ ನಾನೇ ಹೇಳ್ತಿದೀನಿ, ಹತ್ಸಿ!”

ಮುಂದಿದ್ದ ನೀಲಿ ವ್ಯಾನು ಇಂಡಿಕೇಟರ್ ಹಾಕಿತು. ಮೆಲ್ಲಗೆ ಹಗ್ಗದವರೆಗೂ ಹೋಯಿತು. ನಿಂತಿತು. ಅದರ ಹಿಂದಿನದೂ ಹಾಗೇ. ಕಂಡವರ ಹಗ್ಗ ಹರಿಯಲು ಅವರಿಗೆ ಕೈ ಬರುತ್ತಿಲ್ಲ. ಡಬ್ಬಿಯಲ್ಲಿ ಹಸಿರು ಚುಕ್ಕೆ ಈಗ ಬೇಗ ಬೇಗ ಮಿಣುಕುತ್ತಿತ್ತು. ಎಷ್ಟು ಸೆಕೆಂಡು ಕಳೆಯಿತೋ ಎಣಿಸುವುದನ್ನೇ ಮರೆತಿದ್ದೆ.

“ಹಗ್ಗ ಹರೀರಿ! ಅದು ಡೆಲ್ಮರ್ ಕ್ರೂಗರ್ ಹುಲ್ಲು. ಆಮೇಲೆ ಅವನು ನನ್ನ ಜೊತೆ ಜಗಳ ಆಡ್ಕೊಳ್ಳಿ, ನೀವು ಹರೀರಿ!”

ಅಷ್ಟರಲ್ಲಿ ಎದುರು ಮನೆಯ ಬಾಗಿಲು ಧಡಾರನೆ ತೆರೆಯಿತು. ಡೆಲ್ಮರ್ ಮೆಟ್ಟಿಲಿಳಿದು ಓಡಿಬಂದ, ಮನೆ ಚಪ್ಪಲಿಯಲ್ಲೇ. ಕೈಯಲ್ಲಿ ಏನೋ ಉದ್ದನೆಯದು ಹೆಡ್‌ಲೈಟಿಗೆ ಮಿಂಚಿತು. ಈ ಹೊತ್ತಿನಲ್ಲೂ ಹುಲ್ಲು ಕಾಯಲು ಬಂದನಲ್ಲ ಪಾಪಿ ಎಂದುಕೊಂಡೆ. ಮೈಕು ನನ್ನ ಕೈಯಲ್ಲೇ ಇತ್ತು. ಅದನ್ನು ಬಾಯಿಬಿಟ್ಟು ಅಂದೆನೋ ಮನಸ್ಸಿನಲ್ಲೇ ಅಂದೆನೋ, ಇವತ್ತಿಗೂ ಗೊತ್ತಿಲ್ಲ.

ಅದು ಬೇಲಿ ಗಿಡ ಕತ್ತರಿಸುವ ದೊಡ್ಡ ಕತ್ತರಿ. ಡೆಲ್ಮರ್ ಮೊದಲನೇ ಗೂಟದ ಹತ್ತಿರ ಹಗ್ಗವನ್ನು ಕಚಕ್ಕೆಂದು ಕತ್ತರಿಸಿದ. ಮುಂದಿನ ಗೂಟಕ್ಕೆ ಓಡಿದ, ಅಲ್ಲೂ ಕತ್ತರಿಸಿದ. ವ್ಯಾನಿನ ಬಾನೆಟ್ಟಿಗೆ ಅಂಗೈಯಿಂದ ಗುದ್ದಿದ.

“ನುಗ್ಸಯ್ಯಾ! ಇನ್ನೂ ಒಳಗೆ! ಏನ್ ನೋಡ್ತಿದೀಯ, ಹುಲ್ಲು ನಿಂಗ್ ಕಚ್ಚತ್ತಾ?”

ವ್ಯಾನು ಹತ್ತಿತು. ಹಿಂದಿನದು ಹತ್ತಿತು. ಆಮೇಲೆ ಬೀದಿಯುದ್ದಕ್ಕೂ ಹಗ್ಗ ಪಟಪಟನೆ ಹರಿದು ಗೂಟಗಳು ಉರುಳಿದವು. ಚಕ್ರಗಳು ಮೆತ್ತನೆ ನೆಲದಲ್ಲಿ ಹೂತು ಕೆಸರು ಹಾರಿಸಿದವು.

ಆಗ ಗುಮಾಸ್ತ ಎದ್ದ. ಪ್ರತಿ ಸಲ ಎದ್ದ ಕೂಡಲೇ ಅವನು ಮಾಡುವ ಮೊದಲ ಕೆಲಸ ಒಂದಿದೆ. ಸತ್ತ ಬಲ್ಬು ಯಾವುದೆಂದು ಕಾಣಲಿ ಎಂದು ಎಲ್ಲ ದೀಪವನ್ನೂ ಬರೀ ಬಿಳಿಯಾಗಿ ಹತ್ತಿಸುತ್ತಾನೆ. ಆರ್ಲೋ ಹಾಗೆ ಕಲಿಸಿದ್ದ. ಹನ್ನೆರಡು ಸಾವಿರ ಬಲ್ಬು ಒಟ್ಟಿಗೆ ಹತ್ತಿ ಬೀದಿ ಹಗಲಾಯಿತು. ಹುಲ್ಲಿನ ಮೇಲೆ ಸೊಟ್ಟಪಟ್ಟ ನಿಂತ ಇಪ್ಪತ್ತೆಂಟು ಕಾರು, ಪಾದ ಮುಳುಗುವ ಕೆಸರಿನಲ್ಲಿ ಕತ್ತರಿ ಹಿಡಿದ ಡೆಲ್ಮರ್, ಬ್ಯಾಗು ಹೊತ್ತು ಓಡಿ ಬರುತ್ತಿದ್ದ ಪಶು ಆಹಾರದಂಗಡಿಯ ಕೆಂಡ್ರಾ, ಅವಳ ಹಿಂದೆ ಖಾಲಿ ರಸ್ತೆಯಲ್ಲಿ ನೆಟ್ಟಗೆ ಬರುತ್ತಿದ್ದ ಆಂಬ್ಯುಲೆನ್ಸು, ಎಲ್ಲ ಕಂಡಿತು. ಮರುಕ್ಷಣ ಹಾಡು ಶುರುವಾಗಿ ನನ್ನ ದನಿ ಮುಳುಗಿತು. ಹೇಳುವುದು ಇನ್ನೇನೂ ಉಳಿದಿರಲಿಲ್ಲ.

ಆರ್ಲೋನನ್ನು ಹೊತ್ತು ಹೊರಗೆ ತಂದಾಗ ಅವನು ಕೇಳಿದ್ದು ಒಂದೇ. “ಮೇಲಿನ ಸಾಲಲ್ಲಿ ಎಷ್ಟು ಸತ್ತಿದಾವೆ ನೋಡಿದ್ಯಾ?”

“ಬಾಯ್ ಮುಚ್ಕೊಂಡು ಉಸಿರಾಡು,” ಎಂದೆ.

ನಾನು ಜೊತೆಗೆ ಹತ್ತಿದೆ. ಹಿಂದಿನ ಗಾಜಿನಲ್ಲಿ ಡೆಲ್ಮರ್ ಕೆಸರಿನಲ್ಲಿ ನಿಂತದ್ದು ಕಂಡಿತು. ಕೈಯೆತ್ತಬೇಕೆಂದುಕೊಂಡೆ. ನಾಚಿಕೆಯಾಯಿತು, ಎತ್ತಲಿಲ್ಲ.

ಅದೇ ರಾತ್ರಿ ಆರ್ಲೋನ ಕಟ್ಟಿದ ರಕ್ತನಾಳ ಬಿಡಿಸಿದರು. ಮಾರನೇ ದಿನ ಸಂಜೆ ಅವನು ಎದ್ದು ಕೂತು ಆಸ್ಪತ್ರೆಯ ಉಪ್ಪಿಲ್ಲದ ಸೂಪನ್ನು ಬೈಯುತ್ತಿದ್ದಾಗ ನನ್ನ ಫೋನು ಬಡಿದುಕೊಂಡಿತು. ಐದು ಮೂವತ್ತೈದು.

“ಡೆಲ್ಮರ್ ಮಾತಾಡ್ತಿರೋದು. ನಿಮ್ಮ ದೀಪ ಹತ್ಕೊಂಡಿದೆ.”

ಗಾಬರಿಯಲ್ಲಿ ಗುಮಾಸ್ತನನ್ನು ಮರೆತೇ ಬಂದಿದ್ದೆ. ಅವನಿಗೇನು, ಐದೂವರೆಯಾಯಿತು, ಹತ್ತಿಸಿದ. “ಅಯ್ಯೋ, ಗ್ಯಾರೇಜ್ ತೆಗ್ದೇ ಇದೆ. ದಯವಿಟ್ಟು ಒಳಗೆ ಹೋಗಿ ಗೋಡೆ ಪ್ಲಗ್ ಕಿತ್ತುಬಿಡಿ.”

“ಇಲ್ಲ.”

“ಇಲ್ಲ ಅಂದ್ರೆ?”

“ಬೀದಿ ಬಾಯಲ್ಲಿ ನಿಂತಿದೀನಿ. ಎಂಟೆಂಟೇ ಕಾರು ಬಿಡ್ತಿದೀನಿ. ಅವು ಹೊರಗೆ ಬಂದ್ಮೇಲೆ ಇನ್ನೆಂಟು. ಒಂದು ಕಡೆ ದಾರಿ ಯಾವಾಗ್ಲೂ ಖಾಲಿ.”

ರಾತ್ರಿಯೆಲ್ಲ ತಲೆ ಕೊರೆದದ್ದನ್ನೇ ಕೇಳಿದೆ. “ನಿನ್ನೆ ನಿಮಗೆ ಅಷ್ಟು ಬೇಗ ಹೇಗೆ ಗೊತ್ತಾಯ್ತು? ನೀವು ಮನೆ ಒಳಗಿದ್ರಿ.”

“ಅಡುಗೆ ಮನೇಲಿ ನಿಮ್ಮ ರೇಡಿಯೊ ಹಾಕಿರ್ತೀನಿ. ದಿನಾ. ಒಂಬತ್ತಕ್ಕೆ ಸರಿಯಾಗಿ ನಿಲ್ಲಿಸ್ತೀರೋ ಇಲ್ವೋ ಬರ್ಕೊಳಕ್ಕೆ.”

“ಎಷ್ಟು ದಿನದಿಂದ?”

“ಮೂರು ವರ್ಷ.”

“ಒಂದಿನಾದ್ರೂ ತಪ್ಪಿದ್ಯಾ?”

“ಇಲ್ಲ,” ಎಂದ. ಅದೇ ಅವನ ದುಃಖವೇನೋ ಎನ್ನುವ ಹಾಗಿತ್ತು ದನಿ. ಆಮೇಲೆ ಹೇಳಿದ, “ನಾನು ಅವತ್ತೇ ಹೇಳಿದ್ದೆ, ಸಭೇಲಿ.”

“ಹೇಳಿದ್ರಿ ಡೆಲ್ಮರ್. ನೀವು ಹೇಳಿದ್ದೇ ಸರಿ ಇತ್ತು. ನಾನು ಎದ್ದು ನಿಂತು ಎಲ್ರನ್ನೂ ನಗ್ಸಿದೆ. ಜಂಬ ಬೇರೆ ಪಟ್ಟೆ. ನಿಮ್ಮ ಹುಲ್ಲು...”

“ಹುಲ್ಲು ಏಪ್ರಿಲ್‌ನಲ್ಲಿ ಬರತ್ತೆ.”

ಅತ್ತ ಕಡೆ ಕಾರಿನ ಹಾರ್ನು ಕೇಳಿಸಿತು. “ಒಂಬತ್ತನೇದು ನುಗ್ತಿದೆ, ತಡೀಬೇಕು,” ಎಂದವನು ಫೋನ್ ಇಡಲಿಲ್ಲ. “ಇನ್ನೊಂದು. ನಿಮ್ಮ ಬೋರ್ಡಿನ ಮೂರನೇ ಸಾಲಿಗೆ ಬಿಳಿ ಬಣ್ಣ ಬಳಿದಿದೀನಿ ವರ್ಲಾ. ಸೈರನ್ ಕೇಳಿದ್ರೆ ಹುಲ್ಲು ಹತ್ತಿ ಅಂತ ಬರ್ದಿದೀನಿ.”