ಬೂಟು ಬಿಚ್ಚದೆ ಬಂದವನು

ಸಿಮೆಂಟು ನೆಲದ ಮೇಲೆ ಇನ್ನೂ ಬಿಳಿ ಗೆರೆ ಕಾಣುತ್ತಿದೆ, ನಿನ್ನೆಯವರೆಗೆ ಗೋಡೆ ನಿಂತಿದ್ದ ಜಾಗ, ಗೋಡೆಯೆಂದರೆ ಗಾಜು ಮತ್ತು ಪ್ಲೈವುಡ್ ಅಷ್ಟೆ, ಆದರೂ ಫೋರ್‌ಮನ್ ಏಕಾಂತಪ್ಪನ, ಅಂದರೆ ನನ್ನ, ಕ್ಯಾಬಿನ್ ಎಂದರೆ ಭದ್ರಾವತಿಯ ಈ ಫೌಂಡ್ರಿಯಲ್ಲಿ ಒಂದು ತೂಕವಿತ್ತು — ಈಗ ನನ್ನ ಮೇಜು ಕುರ್ಚಿ ತಂದು ಮರಳಿನ ಅಚ್ಚು ಮಾಡುವವರಿಗೂ ಕುಲುಮೆಯವರಿಗೂ ನಡುವೆ ಇಟ್ಟಿದ್ದಾರೆ, ಸಂತೆಯಲ್ಲಿ ಬಳೆ ಮಾರುವವನ ಹಾಗೆ ಕೂತಿದ್ದೇನೆ, ಚಹಾದ ಮೇಲೂ ಕಪ್ಪು ಮರಳಿನ ಪುಡಿ ಕೆನೆಗಟ್ಟುತ್ತಿದೆ. ಹೊಸ ಮ್ಯಾನೇಜರ್ ಮಧುಶ್ರೀ ಮೇಡಂ, ನನ್ನ ಮಗಳ ವಯಸ್ಸು, ಗೋಡೆ ತೆಗೀತೀವಿ ಸಾರ್, ನಿಮ್ಮನ್ನಲ್ಲ ಅಂದರು, ಇನ್ನು ಎಲ್ಲರೂ ಒಂದೇ ತಂಡವಂತೆ, ಏನಿದ್ದರೂ ಕೆಲಸದವರು ನೇರವಾಗಿ ನನ್ನ ಮೇಜಿಗೇ ಬಂದು ಹೇಳಬೇಕಂತೆ, ಮೊದಲು ಹೇಳುತ್ತಿರಲಿಲ್ಲವೇ — ಇಲ್ಲ, ಹೇಳುತ್ತಿರಲಿಲ್ಲ, ಇಷ್ಟು ವರ್ಷ ಯಾರೂ ಬಾಯಿ ಬಿಡದಿದ್ದಕ್ಕೆ ಎಲ್ಲ ಸರಿಯಿದೆ ಎಂದೇ ನಾನು ಮೀಸೆ ತಿರುವಿದ್ದು. ಬೆಳಿಗ್ಗೆ ಗೋಪಾಳ ಬಡಾವಣೆಯ ಮನೆಯಲ್ಲಿ ಹೆಂಡತಿ ಸುಭದ್ರ ಡಬ್ಬಿ ಕಟ್ಟುತ್ತ ನಕ್ಕಳು, ನಿಮ್ಮ ಎಸ್‌ಟಿಡಿ ಬೂತ್ ಹೋದ್ರೆ ಮರ್ಯಾದೇನೂ ಹೋಗುತ್ತೇನ್ರೀ, ನಿನಗೇನು ಗೊತ್ತು ಮಾರಾಯ್ತಿ ಎಂದು ಸಿಡುಕಿ ಬಸ್ಸು ಹತ್ತಿದೆ, ಹೆದರಿಕೆಯಾಗಿತ್ತು, ಅದನ್ನು ಅವಳಿಗೆ ಹೇಳುವುದು ಹೇಗೆ, ಬಾಗಿಲೇ ಇಲ್ಲದವನನ್ನು ಯಾರು ಫೋರ್‌ಮನ್ ಎನ್ನುತ್ತಾರೆ.

ಕ್ಯಾಬಿನ್ನಿನಲ್ಲಿ ವೀರಭದ್ರ ದೇವರ ಫೋಟೊ ಇತ್ತು, ಅದಕ್ಕೇ ಬೂಟು ಹೊರಗೆ ಬಿಟ್ಟು ಬರಬೇಕು ಎಂಬುದು ನಾನೇ ಮಾಡಿದ ಪದ್ಧತಿ, ಸೇಫ್ಟಿ ಬೂಟು ಎಂದರೆ ಕಣಕಾಲಿನವರೆಗೂ ಲೇಸು — ಹೋದ ಬೇಸಿಗೆ ಅಚ್ಚಿನ ಕೆಲಸದ ಪರಮೇಶಿ ಬಾಗಿಲಲ್ಲಿ ಮಂಡಿಯೂರಿ ಲೇಸು ಬಿಚ್ಚುತ್ತಿದ್ದ, ಗಾಜಿನಲ್ಲಿ ಕಂಡೆ, ಬರಲಿ ಎಂದು ಪೆನ್ನಿಗೆ ಮುಚ್ಚಳ ಹಾಕಿ ಕಾದೆ, ಒಂದು ಬೂಟು ಕಳಚಿ ಇನ್ನೊಂದಕ್ಕೆ ಕೈ ಹಾಕಿದ್ದಾನೆ, ಧಡ್ ಎಂದಿತು, ಹಸಿ ಅಚ್ಚಿಗೆ ಕರಗಿದ ಕಬ್ಬಿಣ ಬಿದ್ದು ಸಿಡಿದಿತ್ತು, ಕಬ್ಬಿಣ ಸುರಿಯುತ್ತಿದ್ದ ಕರಿಯಪ್ಪನ ಮೊಣಕೈ ಸುಟ್ಟುಹೋಗಿತ್ತು, ಅದನ್ನೇ ಹೇಳಕ್ ಬರ್ತಿದ್ದೆ ಸಾರ್ ಎಂದ ಪರಮೇಶಿ, ಒಂದೇ ಕಾಲಲ್ಲಿ ಬೂಟು. ಆ ಬೂಟು ಇವತ್ತಿಗೂ ಕಣ್ಣೆದುರಿಗಿದೆ, ಊಟಕ್ಕೆ ಕೂತರೂ ಬರುತ್ತದೆ. ಫೋಟೊ ಈಗ ನನ್ನ ಹಿಂದಿನ ಕಂಬದ ಮೇಲಿದೆ, ಮೇಡಂ ಎತ್ತರದಲ್ಲಿ ಹಾಕಿಸಿದರು, ಇಲ್ಲಿ ಬೂಟು ಬಿಚ್ಚುವುದೆಲ್ಲಿ ಎಂದು ನಾನು ಕೇಳಿದರೆ ನಕ್ಕರು — ಅಗೋ ಕುಲುಮೆಯ ಬಾಯಿ ತೆರೆಯಿತು, ಕ್ರೇನಿನಲ್ಲಿ ಅದೇ ಕರಿಯಪ್ಪ, ಕರಗಿದ ಕಬ್ಬಿಣದ ಕೊಳಗ ತೂಗಿಕೊಂಡು ಬರುತ್ತಿದೆ, ಯಾರದು ಸರಸರ ಬರುತ್ತಿರುವುದು, ಪರಮೇಶಿ, ಬಿಳಿ ಗೆರೆ ದಾಟಿದ, ನಿಲ್ಲಲಿಲ್ಲ, ಬಗ್ಗಲಿಲ್ಲ, ಏ ಬೂಟು ಎಂದು ನಾಲಗೆಯ ತುದಿಗೆ ಬಂತು, ದೇವರ ಮುಂದೆ ಬೂಟು, ಸಾರ್ ಕೊನೇ ಅಚ್ಚು ಹಸಿ ಐತೆ, ಸುರೀಬೇಡ ಅನ್ನಿ ಎಂದು ಅವನೇ ಕೂಗಿದ, ನಾಲಗೆಯ ಮೇಲಿದ್ದುದು ಅಲ್ಲೇ ಉಳಿಯಿತು, ಕೈ ಮೇಲೆ ಹೋಗಿದೆ, ನನ್ನದೇ ಕೈ, ಮೇಲಿನಿಂದ ಕರಿಯಪ್ಪನಿಗೆ ಕಾಣುತ್ತಿದೆ, ಕ್ಯಾಬಿನ್ನಿನೊಳಗೆ ಎತ್ತಿದ್ದರೆ ಕಾಣುತ್ತಿತ್ತೇ, ಕೊಳಗ ತೂಗಾಡಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ, ಈಗೇನ್ ಮಾಡೋಣ ಸಾರ್ ಎಂದು ಕೇಳುತ್ತಿದ್ದಾನೆ ಪರಮೇಶಿ, ನನ್ನನ್ನೇ, ಬಾಗಿಲಿಲ್ಲದವನನ್ನು, ಹೇಳುತ್ತೇನೆ ಇರು, ಕಣ್ಣು ಅಲ್ಲೇ ನಿಂತುಬಿಟ್ಟಿದೆ, ಕುರ್ಚಿಯ ಪಕ್ಕ, ಅವನ ಮರಳು ಮೆತ್ತಿದ ಬೂಟು, ಎರಡೂ ಕಾಲಲ್ಲಿ, ಲೇಸು ಕಟ್ಟಿದೆ